ಚಿಪ್ಪಿನ ಪಾಲು

ಅಘನಾಶಿನಿಯ ನೀರು ಇಳಿದಿತ್ತು. ದಂಡೆಯಲ್ಲಿ
ಕುಕ್ಕರುಗಾಲಲ್ಲಿ ಕೂತು ಗಣಪಿ ಚಿಕ್ಕಿ
ಬಳಚಿನ ರಾಶಿ ಆರಿಸುತ್ತಿದ್ದಳು.
ಎರಡೆರಡು ಹಿಡಿದು ತಾಗಿಸುವುದು, ಕಿವಿಗೊಡುವುದು.
ಟಣ್ ಎಂದರೆ ಬುಟ್ಟಿಗೆ.
ದೊಪ್ ಎಂದರೆ ಒಳಗೆ ಬರೀ ಕೆಸರು, ಹೊಳೆಗೆ.

"ನನ್ನ ತಲೆ ಫೋಟೋದಲ್ಲಿ ಎಂತ ಕಂಡ್ತೇ?"
ಕೇಳಿದಳು, ಕೈ ನಿಲ್ಲಿಸದೆ.
ಆ ಫೋಟೋದ ಲೆಕ್ಕ ನೋಡುವವಳು ನಾನೇ.

ರಕ್ತಕ್ಕೆ ಬಿಟ್ಟ ಸಕ್ಕರೆ, ಚಿಕ್ಕಿ,
ಮಿದುಳು ಹಸಿದ ಕಡೆಗೆಲ್ಲ ಹೋಗಿ ಕೂರುತ್ತದೆ.
ಕೂತಲ್ಲಿಂದ ಬೆಳಕು ಜೋಡಿಯಾಗಿ ಹೊರಡುತ್ತದೆ
ಬೆನ್ನಿಗೆ ಬೆನ್ನು ಮಾಡಿ,
ಒಂದು ತದಡಿಯ ಕಡೆಗೆ, ಇನ್ನೊಂದು ನಮ್ಮ ದಡಕ್ಕೆ.
ಎರಡೂ ಒಂದೇ ಗಳಿಗೆಗೆ ಮುಟ್ಟಿದರೆ
ಯಂತ್ರ ಒಂದು ಎಂದು ಎಣಿಸುತ್ತದೆ.
ಒಂದು ತಪ್ಪಿದರೆ, ಬಂದದ್ದೂ ಬಾರದ ಲೆಕ್ಕ.

"ತಪ್ಪಿಸೋನು ಯಾರು?"

ಎಲುಬು. ನಿನ್ನ ಬುರುಡೆ.
ದಾಟುವ ಬೆಳಕಿನಲ್ಲಿ ಸುಂಕ ಹಿಡಿಯುತ್ತದೆ.
ಎಲ್ಲಿ ಹುಟ್ಟಿದೆ ಎಂದು ಸುಂಕದವನು ಕೇಳುವುದಿಲ್ಲ,
ದಡದಿಂದ ದಡಕ್ಕೆ ದಾರಿಯಲ್ಲಿ ಎಷ್ಟು ಎಲುಬು, ಅಷ್ಟೇ ಮಾತು.
ಎಷ್ಟೆಂದು ಗೊತ್ತಾದರೆ ಕಳೆದದ್ದನ್ನು ಮತ್ತೆ ಕೂಡಿಸಬಹುದು.
ಆದರೆ ಈ ಯಂತ್ರಕ್ಕೆ ಜೊತೆಗಿರುವುದು ಎಂಆರ್, ಕಾಂತದ ಕಣ್ಣು.
ಅದಕ್ಕೆ ನೀರು ಕಾಣುತ್ತದೆ, ಕೊಬ್ಬು ಕಾಣುತ್ತದೆ,
ಎಲುಬು ಕತ್ತಲೆ. ಮೂಗಿನ ಹಿಂದಿನ ಗಾಳಿಯೂ ಕತ್ತಲೆ.
ಬೆಳಕನ್ನು ತಿನ್ನುವ ಕತ್ತಲೆ, ಹಾಗೇ ಬಿಟ್ಟುಕೊಡುವ ಕತ್ತಲೆ,
ಪಟದಲ್ಲಿ ಎರಡಕ್ಕೂ ಒಂದೇ ಮಸಿ.

"ಮತ್ತೆ ಹೆಂಗೆ ಬರೆದ್ರಿ ನನ್ನ ಬುರುಡೆ?"

ಬೇರೆಯವರದು ತಂದು, ಎಂದೆ.
ಐವತ್ತು ಜನರ ಸಿಟಿ ಪಟ ಕೂಡಿಸಿ, ಸರಾಸರಿ ತೆಗೆದು,
ಎಳೆದು ಜಗ್ಗಿ ನಿನ್ನ ತಲೆಗೆ ಕೂರಿಸಿದೆವು.

ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು.
"ಆ ಐವತ್ತರಲ್ಲಿ ಬಳಚು ಹೊತ್ತೋರು ಎಷ್ಟು ಜನ?"

ನಲವತ್ತು ವರ್ಷ. ಸಿಂಬೆಯ ಮೇಲೆ ಒದ್ದೆ ಬುಟ್ಟಿ,
ಕಿವಿಯ ಹಿಂದಿನಿಂದ ಇಳಿಯುವ ಉಪ್ಪುನೀರು.
ಹೊತ್ತರೆ ಬುರುಡೆ ದಪ್ಪವಾಗುತ್ತದೋ ಇಲ್ಲವೋ, ನಾನು ಓದಿಲ್ಲ.
ಆದರೆ ವರದಿಯಲ್ಲಿ ನೆತ್ತಿಯ ಕೆಳಗೆ, ಎಲುಬಿಗೆ ತಾಗಿ
ಒಂದು ಕಡೆ ಬೆಳಕು ಕಮ್ಮಿ.
ಮಿದುಳು ಅಲ್ಲಿ ಹಸಿವು ಮರೆತಿದೆಯೋ,
ಚಿಪ್ಪು ನಾವು ಬರೆದ ಪಾಲಿಗಿಂತ ಹೆಚ್ಚು ತಿಂದಿದೆಯೋ.
ಮೊನ್ನೆ ದೋಣಿ ಕಟ್ಟಿದ ಜಾಗ ಮರೆತು
ಚಿಕ್ಕಿ ಎರಡು ಹೊತ್ತು ದಂಡೆಯಲ್ಲಿ ಅಲೆದದ್ದು ನಿಜ.
ಬೀಗದ ಕೈ ನಾನೂ ಮರೆಯುತ್ತೇನೆ.

ಇನ್ನೊಂದು ಉಪಾಯವಿದೆ. ಎಲುಬು ಪೂರ್ತಿ ಮೂಕವಲ್ಲ.
ಕಾಂತ ಕರೆದರೆ ಓ ಅನ್ನುತ್ತದೆ, ಆದರೆ
ರೆಪ್ಪೆ ಬಡಿಯುವಷ್ಟರಲ್ಲಿ ನೂರು ಸಲ ಆರಿಹೋಗುವಷ್ಟು ಚುಟುಕಾಗಿ.
ಕರೆದ ಬಾಯಿ ಮುಚ್ಚುವ ಮೊದಲೇ ಕಿವಿ ತೆರೆದಿಟ್ಟರೆ
ಸಿಕ್ಕೀತು, ಇವಳದೇ ಎಲುಬಿನ ದನಿ.
ಮತ್ತೆ ಮಲಗಬೇಕಾದೀತು, ಚಿಕ್ಕಿ, ಎಂದೆ.
ಈ ಪರೀಕ್ಷೆಗೆ ಗಲಾಟೆಯೂ ಕಮ್ಮಿ.

ಉತ್ತರ ಕೊಡಲಿಲ್ಲ.
ಎರಡು ಬಳಚು ಎತ್ತಿ ನನ್ನ ಕಿವಿಯ ಹತ್ತಿರ ತಾಗಿಸಿದಳು.
"ಇದು?"

ತಿಳಿಯಲಿಲ್ಲ.
ಭರತಿಯ ಮೊದಲ ನೀರು ಬುಟ್ಟಿಯ ಬುಡಕ್ಕೆ ಬಂದಿತ್ತು.
ಇನ್ನೊಂದು ಸಲ, ಎಂದೆ.