ಉಪ್ಪಿನ ಲೆಕ್ಕ

ಮೂವತ್ತೆಂಟು ವರುಷ ಉಪ್ಪು ಬಾಚಿದ ಕೈ.
ಅವೇರೊದ ಬಯಲಲ್ಲಿ ಕಡಲನ್ನು ಒಣಗಿಸಿ
ಡೆಲ್ಫಿಮ್ ಬಿಳಿ ಗುಡ್ಡೆ ಕಟ್ಟುವಾಗ
ಅವನ ಬೆನ್ನು ನೋಡುತ್ತ ನಿಲ್ಲಲೆಂದೇ
ಬುತ್ತಿ ಹೊತ್ತು ಬೇಗ ಹೋಗುತ್ತಿದ್ದೆ.

ಈಗ ಆ ಬೆನ್ನು ಇರುಳಿಡೀ ನನ್ನ ಕಡೆಗೇ.
ಮೊದಲು ದಣಿವು ಅಂದ. ಆಮೇಲೆ ಸೆಕೆ ಅಂದ.
ಫೆಬ್ರವರಿಯಲ್ಲೂ ಸೆಕೆ ಅಂದಾಗ
ಕೇಳಬೇಕಿತ್ತು. ಹೊದಿಕೆ ಎಳೆದುಕೊಂಡೆ.
ಮೀನುಪೇಟೆಯ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ
ಮನಸ್ಸಿನಲ್ಲೇ ಶಂಕಿಸಿ, ಒಬ್ಬೊಬ್ಬರಾಗಿ ಬಿಟ್ಟುಕೊಟ್ಟೆ.

ಜೆರೇನಿಯಂ ಕುಂಡದ ಬುಡ ಕೆದಕಿದರೆ ಮಾತ್ರೆ.
ಅರೆ ಕರಗಿದವು, ಇಪ್ಪತ್ತಾರು,
ರಕ್ತದೊತ್ತಡಕ್ಕೆ ಕೊಟ್ಟವು.
ಗಿಡಕ್ಕೇನು, ನೆಮ್ಮದಿಯಾಗಿ ಹೂಬಿಟ್ಟಿತ್ತು.

"ಇದನ್ನು ನುಂಗಿದ ಮೇಲೆಯೇ," ಅಂದ ಗೋಡೆಗೆ,
"ನಾನು ಯಾವ ಕೆಲಸಕ್ಕೂ ಬಾರದವನಾದದ್ದು."

ಡಾಕ್ಟರ್ ನೊಯೆಮಿಯಾಗೆ ನಮ್ಮ ಮಗಳ ವಯಸ್ಸು.
ಬಾಯಿಬಿಟ್ಟು ಹೇಳಿದವಳು ನಾನು;
ಅವನು ಟೊಪ್ಪಿಯ ಅಂಚು ತಿರುವುತ್ತಾ ಕೂತ.
ಅವಳು ನಗಲಿಲ್ಲ. ತೋಳಿಗೆ ಪಟ್ಟಿ ಸುತ್ತಿದಳು:
ನೂರೆಪ್ಪತ್ತೆಂಟು.
"ಶುರುವಾದದ್ದು ಯಾವಾಗ?"
ಬೆರಳು ಮಡಿಸಿ ಎಣಿಸಿದೆವು.
ಮಾತ್ರೆಗೂ ಹಿಂದಿನ ಚಳಿಗಾಲ,
ಮೊಮ್ಮಗನ ನಾಮಕರಣದ ರಾತ್ರಿ.
ಕುಡಿದದ್ದು ಹೆಚ್ಚಾಯಿತೆಂದು ಇಬ್ಬರೂ ನಕ್ಕು
ಮರೆತೇಬಿಟ್ಟಿದ್ದೆವು, ಬೇಕೆಂತಲೇ.

"ಕಾಲುವೆಗೆ ಹೂಳು ತುಂಬಿದರೆ
ಮೊದಲು ಒಣಗುವುದು ಯಾವ ಪಾತಿ?"
"ತೀರಾ ಸಣ್ಣ ತೋಡಿನದು," ಅಂದ,
ಇದಾದರೂ ಗೊತ್ತಿರುವ ಸಂಗತಿಯೆಂಬಂತೆ.
ತನ್ನ ಉತ್ತರ ತನಗೇ ಕೇಳಿಸಿ ತಲೆಯೆತ್ತಿದ.
"ಅಷ್ಟೇ," ಅಂದಳು. "ಸಣ್ಣದು ಮೊದಲು ಕೂಗಿ ಹೇಳುತ್ತದೆ.
ಎದೆ ಕೂಗುವ ತನಕ ಕಾಯಬೇಡಿ."

ಮಾತ್ರೆ ಬದಲಿಸಿದಳು.
ಎದೆಯ ಪರೀಕ್ಷೆ ಆಗುವವರೆಗೆ
ಬಾರಿನ ಗೆಳೆಯರು ಅಂಗೈಯಲ್ಲಿಡುವ ಆ ನೀಲಿಯದನ್ನು
ಮುಟ್ಟಬೇಡಿ ಅಂದಳು. ಅವನ ಕೈ
ತಾನಾಗಿಯೇ ಕೋಟಿನ ಜೇಬು ಮುಚ್ಚಿತು.
ನಾನು ನೋಡದಂತೆ ಕಿಟಕಿ ನೋಡಿದೆ.

ಮನೆಯಲ್ಲಿ ಒಣಮೀನನ್ನು ಮೂರು ದಿನ ನೆನೆಹಾಕಿ
ಆರು ಬಾರಿ ನೀರು ಚೆಲ್ಲಿದೆ.
"ಸಪ್ಪೆ," ಅಂದ, ಉಪ್ಪಿನ ಅನ್ನ ಉಂಡು ಬೆಳೆದವನು.
"ಉಪ್ಪು ತಿಂದವನೇ ನೀರು ಕುಡಿಯಬೇಕು,"
ಅಂದು ಲೋಟ ಮುಂದಿಟ್ಟೆ.

ಆ ರಾತ್ರಿ ಏನೂ ಆಗಲಿಲ್ಲ.
ಬೆನ್ನು ಮಾತ್ರ ಗೋಡೆಯ ಕಡೆಗಿತ್ತು.
ಬಹಳ ಹೊತ್ತಿನ ಮೇಲೆ
"ಫೆಬ್ರವರಿಯಲ್ಲಿ ಸೆಕೆ ಇರಲಿಲ್ಲ," ಅಂದ.
ಗೊತ್ತು, ಅಂದೆ.
ಅವನ ಮಣಿಕಟ್ಟು ನನ್ನ ಕೈಯಲ್ಲಿ
ಬಡಿದುಕೊಳ್ಳುತ್ತಿತ್ತು, ಇನ್ನೂ ಜೋರಾಗಿಯೇ.