ಹದಿನೇಳು ವರ್ಷ, ಹತ್ತು ತಿಂಗಳು

ಟೈಪಿಂಗ್ ಸೆಂಟರಿನ ಹುಡುಗ ಕಾಸರಗೋಡಿನವನು.
ಪರದೆಯಿಂದ ಕಣ್ಣೆತ್ತದೆ ಕೇಳಿದ:
"ಗಂಡು ಮಗುವಿನ ವಯಸ್ಸು?"
ಮಗು ಎಂದನಲ್ಲ, ಅಷ್ಟಕ್ಕೇ ಗಂಟಲು ಕಟ್ಟಿತು.
"ಹದಿನೇಳು ವರ್ಷ, ಹತ್ತು ತಿಂಗಳು."
ಬೆರಳು ನಿಂತಿತು.
"ಅಕ್ಕಾ, ಇಷ್ಟು ದಿನ ಏನು ಮಾಡ್ತಿದ್ರಿ?"

ಏನು ಮಾಡುತ್ತಿದ್ದೆ.
ಹನ್ನೊಂದು ವರ್ಷ ರೂವಿಯ ಒಂದು ಕೋಣೆಯಲ್ಲಿ
ಒಂದು ಮಂಚದಷ್ಟು ಬದುಕಿದೆ.
ಪರದೆ ಎಳೆದರೆ ಮನೆ, ಸರಿಸಿದರೆ ಸಂತೆ.
ಡಯಾಲಿಸಿಸ್ ಯಂತ್ರಗಳ ನಡುವೆ ಕಂಡವರ ರಕ್ತ ತೊಳೆದೆ.
ಸಂಬಳ ಸಾಲದ ವರ್ಷ ಅರ್ಜಿಯಿಲ್ಲ,
ಸಂಬಳ ಸಾಕಾದ ವರ್ಷ ಅವರಪ್ಪನ ಸಹಿಯಿಲ್ಲ,
ಸಹಿಗೆ ಒಪ್ಪಿದ ವರ್ಷ ವಿಮಾನವೇ ಹಾರಲಿಲ್ಲ.

'ಮಕ್ಕಳನ್ನು ಕಳಿಸಲು ನನ್ನ ತಕರಾರಿಲ್ಲ'
ಈ ಒಂದು ಸಾಲಿಗೆ ಅವನು ಕೇಳಿದ್ದು
ಬೈಕಿನ ಬಾಕಿ ಕಂತು.
ಕಟ್ಟಿದೆ.

ಜನನಪತ್ರ ಭಟ್ಕಳ ಬಿಟ್ಟು ಕಾರವಾರ, ಬೆಂಗಳೂರು, ದೆಹಲಿ ಸುತ್ತಿತು.
ಮಕ್ಕಳಿಗಿಂತ ಮೊದಲು ಅವರ ಹುಟ್ಟು ದೇಶ ನೋಡಿತು.
ಕಫೀಲ್ ಎಂಬ ಕಡೆ ಹುಡುಗ ನನ್ನ ಹೆಸರು ಒತ್ತಿದ: ವಾರಿಜಾ ನಾಯ್ಕ.
ಕಫೀಲ್ ಅಂದರೆ ಜಾಮೀನು ನಿಲ್ಲುವವರು.
ಇಷ್ಟು ಕಾಲ ಯಾರೋ ನನಗೆ.
ಈಗ ಏಳು ಮೊಹರು ಬಿದ್ದ ಕಾಗದ ಹಿಡಿದು
ನನ್ನ ಹೊಟ್ಟೆಗೆ ನಾನೇ ಜಾಮೀನು.

ವಿಮಾನ ನಿಲ್ದಾಣದಲ್ಲಿ ಕಣ್ಣು
ಟ್ರಾಲಿಯ ಎತ್ತರದಲ್ಲೇ ಹುಡುಕಿತು.
ಗೊತ್ತಿತ್ತು, ಒಂಬತ್ತನೇ ನಂಬರಿನ ಶೂ ಕಳಿಸಿದವಳು ನಾನೇ,
ಆದರೂ ಕಣ್ಣಿಗೆ ಯಾರು ಹೇಳಬೇಕು?
ಮೀಸೆ ಮೂಡಿದವನೊಬ್ಬ ಬಂದು ಬಗ್ಗಿ ಕಾಲು ಮುಟ್ಟಿದ.
ಬಗ್ಗಿದಾಗ ಕಂಡಿತು, ನೆತ್ತಿಯ ಎರಡು ಸುಳಿ.
ಕೌಶಿಕ.
ಎರಡು ಸುಳಿಯವನಿಗೆ ಎರಡು ಮದುವೆ ಎಂದು
ತೊಟ್ಟಿಲ ದಿನ ಎಲ್ಲರೂ ನಕ್ಕಿದ್ದರು.
ಎರಡು ತಾಯಿ ಎಂದು ಯಾರಿಗೂ ಹೊಳೆಯಲಿಲ್ಲ.

ಪೂರ್ವಿ ಫೋನಿನಲ್ಲಿದ್ದಳು.
"ತಲುಪಿದ್ವಿ ಅಮ್ಮಾ. ಹೂಂ, ಸಿಕ್ಕಿದ್ರು."
ಸಿಕ್ಕಿದ್ರು. ಬಹುವಚನ.
ಅಮ್ಮಾ ಎಂದದ್ದು ನನ್ನ ತಂಗಿಗೆ.
ತಪ್ಪಲ್ಲ. ಜ್ವರದ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಅವಳು,
ಥರ್ಮಾಮೀಟರ್ ಕಳಿಸಿದವಳು ನಾನು.

ಮನೆಯಲ್ಲಿ ಮೊದಲು ಕಲಿಸಿದ್ದು ಸ್ನಾನ:
ನೀಲಿ ಗುರುತಿನ ನಲ್ಲಿ ತಿರುಗಿಸಬೇಡಿ, ಮೈ ಸುಟ್ಟೀತು,
ತಾರಸಿಯ ಟಾಂಕಿ ಜೂನಿನಲ್ಲಿ ಕುದಿಯುತ್ತದೆ.
ಗೀಸರ್ ಆರಿಸಿಟ್ಟಿದ್ದೇನೆ,
ಅದರ ಹೊಟ್ಟೆಯಲ್ಲಿ ನಿಂತ ನೀರು ಮಾತ್ರ ತಣ್ಣಗೆ.
ಇಲ್ಲಿ ಕೆಂಪು ತಂಪು, ನೀಲಿ ಬಿಸಿ.
ಕೌಶಿಕ ಕೇಳಿದ, "ಮತ್ತೇನೇನು ಉಲ್ಟಾ ಇಲ್ಲಿ?"

ನಾನು ಕೈಯಳತೆಯಲ್ಲಿ ಕೊಂಡ ಅಂತಸ್ತಿನ ಮಂಚದಿಂದ
ಅವನ ಎರಡು ಪಾದ ಸರಳು ದಾಟಿ ಹೊರಗೆ.
ಬಂಗುಡೆ ಸಾರು ಮಾಡಿದೆ.
"ಅಮ್ಮ ಜುಮ್ಮನಕಾಯಿ ಹಾಕ್ತಾಳೆ" ಎಂದಳು ಪೂರ್ವಿ, ತಟ್ಟೆ ನೋಡುತ್ತ.
ಅದನ್ನು ಅವಳಿಗೆ ಕಲಿಸಿದ್ದೇ ನಾನು ಎನ್ನಬಹುದಿತ್ತು.
ಇನ್ನಷ್ಟು ಅನ್ನ ಬಡಿಸಿದೆ.

ಹದಿನೆಂಟು ತುಂಬಿದ ದಿನ ಕೇಕಿನ ಮುಂದೆ ಅವನು:
"ಈಗ ನಾನು ಮಗು ಅಲ್ಲವಲ್ಲ, ವಾಪಸ್ ಕಳಿಸ್ತಾರಾ?"
ಕಾರ್ಡಿನಲ್ಲಿ ಎರಡು ವರ್ಷ ಇದೆ ಎಂದೆ.
"ಆಮೇಲೆ?"
ಚಾಕು ಒರೆಸಿದೆ.
ಕಿಟಕಿಯಾಚೆ ಹುಲ್ಲುಕಡ್ಡಿಯಿಲ್ಲದ ಬೆಟ್ಟ,
ಯಾವ ಕಾಗದವೂ ಇಲ್ಲದೆ ಅಲ್ಲೇ ಕೂತಿತ್ತು.

ರಾತ್ರಿ ಪಾಳಿ ಮುಗಿಸಿ ಬಂದ ಒಂದು ಬೆಳಗು
ಕೆಂಪು ನಲ್ಲಿಯಲ್ಲೂ ಬಿಸಿ.
ಇಬ್ಬರೂ ಮಿಂದು ಗೀಸರ್ ಖಾಲಿ ಮಾಡಿದ್ದಾರೆ.
ಸಿಟ್ಟು ಬಂತು, ಸುಳ್ಳೇಕೆ.
ಮೂಲೆಯಲ್ಲಿ ಬಕೆಟ್ಟು. ಮೇಲೆ ಊಟದ ತಟ್ಟೆ ಮುಚ್ಚಿದೆ.
ಎತ್ತಿ ಕೈಯದ್ದಿದೆ: ತಣ್ಣಗಿತ್ತು,
ರಾತ್ರಿಯೇ ಹಿಡಿದಿಟ್ಟ ನೀರು.

ತಂಬಿಗೆ ಹುಡುಕಿದೆ. ಇಟ್ಟಲ್ಲಿ ಇರಲಿಲ್ಲ.
ಸೋಪೂ ಇರಲಿಲ್ಲ, ಟವೆಲೂ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ನನ್ನ ಸಾಮಾನು
ಜಾಗ ಬದಲಿಸಿತ್ತು.