ಏಳನೇ ಸೋಮವಾರ

ಕೆಂಭಾವಿ ದಾಟಿ, ಕಾಲುವೆ ಏರಿಯ ಮೇಲೆ ಸ್ಕೂಟಿ ನಿಲ್ಲಿಸಿ
ಹದಿನೇಳನೇ ಮನೆಗೆ ಹೋದೆ. ಬಾಗಿಲ ಪರಸಿ ಕಾದಿತ್ತು.
ಸಾಬಮ್ಮ ತೊಗರಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

ಪ್ರಶ್ನೆ ನೂರಾ ಆರು. ಬರೆದಂತೆಯೇ ಓದಬೇಕು, ನಮ್ಮ ಮಾತು ಸೇರಿಸಬಾರದು:
ನಿಮ್ಮ ತಾಯಿಗೆ ಜನಿಸಿದ ಸಹೋದರಿಯರು ಎಷ್ಟು?
"ಅಂದ್ರ ಅಕ್ಕತಂಗೇರು?"
ಹೌದ್ರಿ.
"ಇದ್ದವರೋ, ಹುಟ್ಟಿದವರೋ?"
ಮೂರು ದಿನದ ತರಬೇತಿಯಲ್ಲಿ ನಮಗೆ ತಿದ್ದಿ ತಿದ್ದಿ ಕಲಿಸಿದ್ದನ್ನು
ಆಕೆ ಕೂತಲ್ಲೇ ಕೇಳಿದ್ದಳು.

ಹೆಬ್ಬೆರಳು ಗಿಣ್ಣಿನಿಂದ ಗಿಣ್ಣಿಗೆ ಸರಿಯಿತು.
"ಹಿರಿಯಾಕಿ ಶಹಾಪುರದಾಗ. ನಾ ಎರಡನೇದಾಕಿ. ಮೋನಮ್ಮ..."
ಬೆರಳು ಅಲ್ಲೇ ನಿಂತಿತು. ಮೊರವೂ.

ಬಸುರಿದ್ದಾಗಲೋ, ಹೆರುವಾಗಲೋ, ಹೆತ್ತು ನಲವತ್ತೆರಡು ದಿನದೊಳಗೋ?
"ದಿನ ಯಾರ್ ಎಣಿಸ್ಯಾರ, ಯವ್ವಾ. ಸೋಮಾರ ಹಡದಳು.
ಜ್ವರ ಇಳೀಲೇ ಇಲ್ಲ. ಏಳನೇ ಸೋಮಾರ ಹೋದಳು.
ಸೋಮಾರ ಬಸವಣ್ಣನ ಹೆಗಲಿಗೆ ನೊಗ ಇಡಬಾರದು.
ಅವತ್ತು ಇಟ್ಟೀವಿ, ಅದಕ್ಕ ನೆನಪದ.
ಇಟ್ಟರೂ ಹುಣಸಗಿ ಮುಟ್ಟಲಿಲ್ಲ."

ಏಳ ಏಳ್ಲೆ ನಲವತ್ತೊಂಬತ್ತು.
ಹಡೆದ ಸೋಮವಾರವನ್ನೂ ಹಿಡಿದಿದ್ದರೆ ನಲವತ್ತೆರಡು.
ನಡುವೆ ಒಂದು ವಾರ. ಈಚೆಗೆ ಮೋನಮ್ಮ ಬಾಣಂತಿ,
ಆಚೆಗೆ ಬರೀ ಸತ್ತ ಹೆಂಗಸು.
ಹಡೆದ ಸೋಮವಾರ ಸೇರಿಸಿ ಎಣಿಸಿದಿರೇನ್ರಿ?
ಫಾರ್ಮಿನಲ್ಲಿಲ್ಲದ ಪ್ರಶ್ನೆ. ಸಾಬಮ್ಮ ನನ್ನ ಮುಖ ನೋಡಿದಳು:
"ಯಾಕ, ಅದು ಸೋಮಾರಲ್ಲೇನು?"

'ಹೌದು' ಒತ್ತಿದೆ.

ಯಾದಗಿರಿಯಲ್ಲಿ ಸಿಗ್ನಲ್ ಸಿಕ್ಕಾಗ ಇದು ಹಾರಿ
ಎಲ್ಲೋ ಜಿನೀವಾದಲ್ಲಿ ಲಕ್ಷಕ್ಕೆ ಇಷ್ಟು ಎಂಬ ಅಂಕಿಯಾಗುತ್ತದೆ.
ಅಂಕಿಯ ಎರಡೂ ಬದಿ ಅಂದಾಜಿನ ಬೇಲಿ:
ಇದಕ್ಕಿಂತ ಕಡಿಮೆ ಇರಲಿಕ್ಕಿಲ್ಲ, ಇದಕ್ಕಿಂತ ಹೆಚ್ಚು ಇರಲಿಕ್ಕಿಲ್ಲ.
ಅಕ್ಕತಂಗಿ ಇಲ್ಲದವಳು ಸತ್ತರೆ ಯಾವ ಮನೆಯಲ್ಲಿ ಕೇಳಬೇಕು ಅಂತ
ತರಬೇತಿಯಲ್ಲಿ ಕೈ ಎತ್ತಿದ್ದೆ.
ಅದಕ್ಕೊಂದು ಸೂತ್ರ ಇದೆ ಎಂದರು. ಅಷ್ಟರಲ್ಲಿ ಚಹಾ ಬಂತು.

ಮೊನ್ನೆ ಸೂಪರ್‌ವೈಸರ್ ಗುರುಪಾದಪ್ಪನ ಮೆಸೇಜು:
ದುಡ್ಡು ಕೊಡುವ ದೇಶ ಈ ವರ್ಷ ಕೈ ಹಿಂದೆ ತೆಗೆದಿದೆ,
ಶನಿವಾರದೊಳಗೆ ಟ್ಯಾಬು ಚಾರ್ಜರ್ ಸಮೇತ ವಾಪಸ್.
ಇನ್ನೂ ಇಪ್ಪತ್ತಮೂರು ಮನೆ ಉಳಿದವು.
ಅವನ್ನು ಈ ಹದಿನೇಳರ ಮೇಲಿಂದ ಊಹಿಸಿಕೊಳ್ಳುತ್ತಾರಂತೆ.

"ಕೂಸಿಂದು ಕೇಳಲೇ ಇಲ್ಲ ನೀ," ಅಂದಳು ಸಾಬಮ್ಮ.
ಅದಕ್ಕ ಪ್ರಶ್ನೆ ಇಲ್ರೀ, ಅಂದೆ.

ಏರಿಯ ಮೇಲೆ ಹದಿನಾರರ ಹುಡುಗಿಯೊಬ್ಬಳು ನನ್ನ ಸ್ಕೂಟಿಯ
ಹಿಂದಿನ ಗಾಲಿ ಒತ್ತಿ ನೋಡುತ್ತಿದ್ದಳು.
"ಗಾಳಿ ಕಡಿಮಿ ಅದ, ಅಕ್ಕಾ. ನಮ್ಮ ದೊಡ್ಡವ್ವನ ಮನ್ಯಾಗ ಪಂಪ್ ಅದ."
ಓಡಿಹೋಗಿ ಅದೇ ಬಾಗಿಲೊಳಗೆ ನುಗ್ಗಿ ತಂದಳು,
ಸೆರಗು ಸಿಕ್ಕಿಸಿ ಹೊಡೆಯತೊಡಗಿದಳು, ಗಟ್ಟಿಯಾಗಿ ಎಣಿಸುತ್ತ.
ನಲವತ್ತು ದಾಟಿದಾಗ ಸಾಕು ಅಂದೆ.
"ಇನ್ನಾ ಹಿಡಸ್ತದ," ಅಂದಳು.